ಕಾಣದ ಹಾಫ್ ಕ್ಲಚ್

ಲಾರಿ ಕಲಿಸುವಾಗ ಅಪ್ಪ ಮೊದಲು ಹೇಳಿಕೊಟ್ಟಿದ್ದು ಎಡಗಾಲಿನ ಪಾಠ. "ಗೇರ್ ಬಿತ್ತಾ, ಕಾಲು ತೆಗಿ. ಕ್ಲಚ್ ಮೇಲೆ ಕಾಲಿಟ್ಕೊಂಡು ಕೂತ್ರೆ ಪ್ಲೇಟು ಕೂತಲ್ಲೇ ಸುಟ್ಟೋಗುತ್ತೆ" ಅನ್ನುತ್ತಿದ್ದರು. ಹಿರಿಯೂರಿನಲ್ಲಿ ನಮ್ಮದೊಂದು ಟಾಟಾ ಲಾರಿ ಇತ್ತು. ಶಿರಾಡಿ ಘಾಟಿಯ ಏರಿನಲ್ಲಿ ಲೋಡು ಗಾಡಿಗಳು ಸಾಲುಗಟ್ಟಿ ನಿಂತಾಗ ಕೆಲವು ಹೊಸ ಡ್ರೈವರುಗಳು ಬ್ರೇಕ್ ಹಿಡಿಯದೆ, ಪೆಡಲನ್ನು ಅರ್ಧ ಒತ್ತಿ ಹಾಫ್ ಕ್ಲಚ್‌ನಲ್ಲೇ ಗಾಡಿ ತಡೆದುಕೊಂಡು ನಿಲ್ಲುತ್ತಿದ್ದರು. ಐದು ನಿಮಿಷಕ್ಕೆ ಸುಟ್ಟ ಪ್ಲೇಟಿನ ಘಾಟು ಹಿಂದಿನ ಮೂರು ಲಾರಿಗಳವರೆಗೂ ಬರುತ್ತಿತ್ತು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಮೂಗಿನಲ್ಲೇ ಲೆಕ್ಕ ಹಾಕುತ್ತಿದ್ದರು: ಯಾವ ಗಾಡಿ, ಇನ್ನೆಷ್ಟು ದೂರ ಹೋದೀತು ಅಂತ.

ಅದಕ್ಕೆ ತೀರಾ ಹತ್ತಿರದ ಒಂದು ಘಾಟು ನನಗೆ ಮತ್ತೆ ಸಿಕ್ಕಿದ್ದು ಅಮೆರಿಕದ ಕೊಲೊರಾಡೊದಲ್ಲಿ, ಐ-70 ಹೆದ್ದಾರಿಯಲ್ಲಿ. ಜಾರ್ಜ್‌ಟೌನ್ ದಾಟಿ ಐಸೆನ್‌ಹೋವರ್ ಸುರಂಗದ ಕಡೆ ಹತ್ತುತ್ತಿದ್ದೆ. ನನ್ನದು ಮಣ್ಣು ಪರೀಕ್ಷೆಯ ಕೆಲಸ. ಬೆಟ್ಟದಾಚೆ ಪ್ಯಾಲಿಸೇಡ್ ಸುತ್ತ ಪೀಚ್ ತೋಟಗಳಿವೆ. ಅಲ್ಲಿಗೆ ಮಣ್ಣು ಕೊರೆಯುವ ಯಂತ್ರವನ್ನು ಟ್ರೇಲರಿನಲ್ಲಿ ಎಳೆದುಕೊಂಡು ಹೋಗಬೇಕು. ಟ್ರೇಲರ್ ಸೇರಿ ಎರಡೂವರೆ ಟನ್ ತೂಕ. ಜಾರ್ಜ್‌ಟೌನ್ ಇರುವುದೇ 8,500 ಅಡಿ ಎತ್ತರದಲ್ಲಿ. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ರಸ್ತೆ 11,000 ಅಡಿ ದಾಟುತ್ತದೆ. ಅರ್ಧ ದಾರಿಯಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು 2,000ದಿಂದ 2,400ಕ್ಕೆ ಜಿಗಿಯಿತು. ಗಾಡಿಯ ವೇಗ ಮಾತ್ರ ಒಂದು ಮೈಲಿಯೂ ಹೆಚ್ಚಲಿಲ್ಲ. ಆಮೇಲೆ ಘಾಟು ಬಂತು. ಈ ಗಾಡಿಗೆ ಕ್ಲಚ್ ಪೆಡಲೇ ಇಲ್ಲ, ನನ್ನ ಎಡಗಾಲು ಸುಮ್ಮನೆ ಮ್ಯಾಟಿನ ಮೇಲಿತ್ತು. ಆದರೂ ಎಲ್ಲೋ ಒಳಗೆ ಯಾರೋ ಹಾಫ್ ಕ್ಲಚ್ ಒತ್ತಿ ಕೂತಿದ್ದರು.

ಗಾಡಿ 1997ರ ಡಾಡ್ಜ್ ರಾಮ್ 2500 ಪಿಕಪ್. ಎಂಜಿನ್ನು ಕಮಿನ್ಸ್‌ನ 5.9 ಲೀಟರಿನ ಆರು ಸಿಲಿಂಡರ್ ಡೀಸೆಲ್, 12 ವಾಲ್ವಿನದ್ದು. ಇದನ್ನು ನಾನು ಕೊಂಡಿದ್ದಕ್ಕೆ ಕಾರಣ ಅದರ ಸದ್ದು. 1993ರಲ್ಲಿ ಶುರುವಾದ ಟಾಟಾ ಕಮಿನ್ಸ್ ಕಂಪನಿ ಜಮ್‌ಶೆಡ್‌ಪುರದಲ್ಲಿ ಇದೇ ಬಿ ಸರಣಿಯ 5.9 ಲೀಟರ್ ಎಂಜಿನ್ ಮಾಡಿ ಟಾಟಾ ಲಾರಿಗಳಿಗೆ ಕೊಟ್ಟಿತು. ಅಪ್ಪನ ಎರಡನೇ ಲಾರಿಯಲ್ಲಿ ಇದ್ದದ್ದು ಅದೇ. ಕೊಲೊರಾಡೊದ ಒಂದು ಚಳಿಯ ಬೆಳಗ್ಗೆ ಮಾರುವವರು ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದಾಗ ಬಂದ ಆ ಟಕಟಕ ಸದ್ದಿಗೆ ನಾನು ಹೆಚ್ಚು ಚೌಕಾಸಿ ಮಾಡದೆ ಒಪ್ಪಿಬಿಟ್ಟೆ.

ಗೇರ್‌ಬಾಕ್ಸ್ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ. ಗೇರನ್ನು ತಾನೇ ಬದಲಿಸುವ ಈ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೆಸರು 47 ಆರ್‌ಇ. ನಾಲ್ಕು ಗೇರು, ಏಳು ಅನ್ನುವುದು ತಡೆದುಕೊಳ್ಳುವ ಬಲದ ದರ್ಜೆ, ಆರ್ ಅಂದರೆ ಹಿಂದಿನ ಚಕ್ರಕ್ಕೆ ಎಳೆತ, ಇ ಅಂದರೆ ಎಲೆಕ್ಟ್ರಾನಿಕ್ ಹಿಡಿತ. ಇದರ ಮುತ್ತಜ್ಜ 1962ರಲ್ಲಿ ಬಂದ ಕ್ರೈಸ್ಲರ್‌ನ ಮೂರು ಗೇರಿನ 727 ಟಾರ್ಕ್‌ಫ್ಲೈಟ್. ಅದರ ಬೆನ್ನಿಗೆ, ಎಂಜಿನ್ ನಿಧಾನಕ್ಕೆ ತಿರುಗಿದರೂ ಗಾಡಿ ಜೋರಾಗಿ ಓಡುವಂತೆ ಮಾಡುವ ನಾಲ್ಕನೇ ಗೇರು, ಅಂದರೆ ಒಂದು ಓವರ್‌ಡ್ರೈವ್ ಜೋಡಿಸಿ, ಕೆಲವು ತೀರ್ಮಾನಗಳನ್ನು ಕಂಪ್ಯೂಟರಿಗೆ ಬಿಟ್ಟುಕೊಟ್ಟರೆ 47 ಆರ್‌ಇ. ಇನ್ನೊಂದು ಲೆಕ್ಕ ಗಮನಿಸಬೇಕು. ಅದೇ ವರ್ಷ, ಅದೇ ಎಂಜಿನ್ನಿಗೆ ಕಂಪನಿ ಕೈಗೇರಿನ ಗಾಡಿಯಲ್ಲಿ 215 ಅಶ್ವಶಕ್ತಿ ಕೊಟ್ಟಿತ್ತು, ಆಟೋಮ್ಯಾಟಿಕ್ ಗಾಡಿಯಲ್ಲಿ 180. ಗೇರ್‌ಬಾಕ್ಸಿಗೆ ಎಷ್ಟು ಹೊರಿಸಬಹುದು ಅನ್ನುವುದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು, ಅಷ್ಟಕ್ಕೇ ಇಂಧನ ಬಿಟ್ಟಿದ್ದರು. ನನಗಿಂತ ಮೊದಲು ಗಾಡಿ ಇಟ್ಟುಕೊಂಡಿದ್ದ ಯಾರೋ ಒಬ್ಬರು ಬಾಷ್ ಪಂಪಿನೊಳಗಿನ ಫ್ಯೂಯೆಲ್ ಪ್ಲೇಟನ್ನು ಮುಂದಕ್ಕೆ ಸರಿಸಿ ಹೆಚ್ಚು ಡೀಸೆಲ್ ಬೀಳುವ ಹಾಗೆ ಮಾಡಿದ್ದರು. ಎಂಜಿನ್ನಿಗೆ ಬಲ ಬಂತು, ಹೊರುವ ಬೆನ್ನು ಹಳೆಯದೇ ಉಳಿಯಿತು.

ಊರಿನ ಒಂದು ಗೇರ್‌ಬಾಕ್ಸ್ ಅಂಗಡಿಗೆ ತೋರಿಸಿದೆ. ಗಾಡಿ ಓಡಿಸಿಯೂ ನೋಡದೆ "ಪೂರ್ತಿ ಬಿಚ್ಚಿ ಕಟ್ಟಬೇಕು" ಅಂದರು, ಸಾವಿರಾರು ಡಾಲರಿನ ಚೀಟಿ ಕೈಗಿಟ್ಟರು. ಅವರು ಹೇಳಿದ್ದು ನಿಜವಾಗಿಯೂ ಇರಬಹುದಿತ್ತು. ಆದರೆ ಒಂದು ಅಳತೆಯನ್ನೂ ತೆಗೆಯದೆ ಹೇಳಿದ್ದು ಮನಸ್ಸಿಗೆ ಹಿಡಿಸಲಿಲ್ಲ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಆಟೋಮ್ಯಾಟಿಕ್ ಗಾಡಿ ಓಡಿಸಿದವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲ ಕಣಪ್ಪ, ಅದ್ರಲ್ಲಿ ಕ್ಲಚ್ ಒತ್ತೋರು ಯಾರು?"

ಮುಂದಿನ ಎರಡು ತಿಂಗಳು ನಾನು ಮಾಡಿದ್ದು ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ. ಉತ್ತರ ಸರಳ: ಎಣ್ಣೆ. ಗೇರ್‌ಬಾಕ್ಸಿನ ಮುಂಭಾಗದ ಪಂಪ್ ಎಣ್ಣೆಗೆ ಒತ್ತಡ ಕೊಡುತ್ತದೆ. ಆ ಒತ್ತಡವೇ ಕ್ಲಚ್ ಪ್ಲೇಟುಗಳನ್ನು ಒಂದಕ್ಕೊಂದು ಅದುಮುತ್ತದೆ, ಬ್ಯಾಂಡುಗಳನ್ನು ಡ್ರಮ್ಮಿನ ಸುತ್ತ ಬಿಗಿಯುತ್ತದೆ. ಒತ್ತಡ ಸಾಕಷ್ಟಿದ್ದರೆ ಪ್ಲೇಟು ಗಪ್ಪನೆ ಕಚ್ಚುತ್ತದೆ. ಕಡಿಮೆಯಾದರೆ ಜಾರಿ, ಉಜ್ಜಿ, ಬಿಸಿಯಾಗಿ ಆಮೇಲೆ ಕಚ್ಚುತ್ತದೆ. ಅದೇ ಹಾಫ್ ಕ್ಲಚ್. ಒಂದೇ ವ್ಯತ್ಯಾಸ, ಇಲ್ಲಿ ಅದು ಕಾಲಿಗೆ ತಿಳಿಯುವುದಿಲ್ಲ.

ಎಷ್ಟು ಒತ್ತಡ ಬೇಕು ಅನ್ನುವುದನ್ನು ಎಣ್ಣೆಗೆ ಹೇಳುವವರು ಯಾರು? ಈ ಗಾಡಿಯಲ್ಲಿ ಅದು ಒಂದು ತಂತಿಯ ಕೆಲಸ. ಇಂಧನ ಪಂಪಿನ ಥ್ರಾಟಲ್ ಲಿವರಿನಿಂದ ಹೊರಟ ಕೇಬಲೊಂದು ಗೇರ್‌ಬಾಕ್ಸಿನ ಎಡಬದಿಯ ಇನ್ನೊಂದು ಲಿವರಿಗೆ ಸೇರುತ್ತದೆ. ಇಲ್ಲಿನವರು ಟಿವಿ ಕೇಬಲ್ ಅನ್ನುತ್ತಾರೆ, ಥ್ರಾಟಲ್ ವಾಲ್ವ್ ಕೇಬಲ್. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಆ ಲಿವರ್ ತಿರುಗಬೇಕು, ಅದಕ್ಕೆ ತಕ್ಕಂತೆ ಒತ್ತಡ ಏರಬೇಕು. ಎಂಜಿನ್ ಬಲ ಹಾಕುತ್ತಿದೆ, ಗಟ್ಟಿಯಾಗಿ ಹಿಡಿದುಕೋ ಅನ್ನುವ ಸುದ್ದಿ ಆ ತಂತಿಯಲ್ಲಿ ಹೋಗುತ್ತದೆ. ಸುದ್ದಿ ತಡವಾದರೆ ಎಂಜಿನ್ ಜಗ್ಗುತ್ತಿರುತ್ತದೆ, ಗೇರ್‌ಬಾಕ್ಸ್ ಮಾತ್ರ ಇನ್ನೂ ಐಡ್ಲಿಂಗಿನಲ್ಲೇ ಇದ್ದೇನೆ ಅಂದುಕೊಂಡು ಸಡಿಲವಾಗಿ ಹಿಡಿದಿರುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ಒತ್ತಡ ಅಳೆಯುವ ಗೇಜ್ ಇತ್ತು. ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ದಪ್ಪ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟೆವು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಮಲಗಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಅವರು ಕ್ಯಾಬಿನ್ನಿನಲ್ಲಿ ಕೂತು ಮೊದಲ ಗೇರಿನಲ್ಲಿ ಎಂಜಿನ್ನನ್ನು 1,000 ಆರ್‌ಪಿಎಂನಲ್ಲಿ ನಿಲ್ಲಿಸಿದರು. ನಾನು ಕೆಳಗಿನಿಂದ ಗೇರ್‌ಬಾಕ್ಸಿನ ಆ ಚಿಕ್ಕ ಲಿವರನ್ನು ಕೈಯಿಂದ ಹಿಂದಕ್ಕೆ ತಳ್ಳುತ್ತಾ ಹೋದೆ. ಸರ್ವೀಸ್ ಪುಸ್ತಕದ ಪ್ರಕಾರ ಲಿವರ್ ಪೂರ್ತಿ ಮುಂದಿದ್ದಾಗ 54ರಿಂದ 60 ಪಿಎಸ್‌ಐ ಇರಬೇಕು, ಹಿಂದಕ್ಕೆ ತಳ್ಳಿದಂತೆ 90ರಿಂದ 96ಕ್ಕೆ ಏರಬೇಕು. ನಮ್ಮ ಮುಳ್ಳು 56ರಲ್ಲಿ ಶುರುವಾಯಿತು. ಲಿವರ್ ತಳ್ಳಿದಂತೆ ಎಲ್ಲೂ ತಡವರಿಸದೆ 92ಕ್ಕೆ ಹೋಗಿ ನಿಂತಿತು.

ಆ ಮುಳ್ಳು ಏರುವುದನ್ನು ನೋಡುತ್ತಾ ಎಣ್ಣೆ ತೊಟ್ಟಿಕ್ಕುವ ಗಾಡಿಯ ಅಡಿಯಲ್ಲಿ ಮಲಗಿದ್ದಾಗ ಆದ ಸಂತೋಷ ಇನ್ನೂ ನೆನಪಿದೆ. ಪಂಪ್ ಚೆನ್ನಾಗಿದೆ, ಒತ್ತಡ ನಿಯಂತ್ರಿಸುವ ವಾಲ್ವೂ ಚೆನ್ನಾಗಿದೆ ಅಂತ ಅರ್ಥ. ಗೇರ್‌ಬಾಕ್ಸಿಗೆ ಶಕ್ತಿ ಇತ್ತು, ಸುದ್ದಿ ತಲುಪುತ್ತಿರಲಿಲ್ಲ.

ಎಂಜಿನ್ ಆರಿಸಿ ಮೇಲೆ ಬಂದು ಕೇಬಲ್ಲಿನ ತುದಿ ನೋಡಿದೆ. ಹೊಂದಿಸಿ ಬಿಗಿ ಹಿಡಿಯಬೇಕಾದ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ಅದರ ಮೇಲೆ ಯಾರೋ ಕಪ್ಪು ಪ್ಲಾಸ್ಟಿಕ್ ಟೈ ಸುತ್ತಿದ್ದರು. ಬಿಸಿಲಿಗೆ ಒಣಗಿ ಅದೂ ಸಡಿಲವಾಗಿತ್ತು. ಕೇಬಲ್ ತುದಿಯನ್ನು ಲಿವರಿನ ಗುಬುಟಿಯಿಂದ ಕಳಚಿ ಪಕ್ಕದಲ್ಲಿ ಹಿಡಿದು ನೋಡಿದರೆ ಎರಡೂ ಒಂದು ಮಿಲಿಮೀಟರಿನ ಒಳಗೆ ನೇರಕ್ಕೆ ಬರಬೇಕು. ನನ್ನದರಲ್ಲಿ ಕಿರುಬೆರಳಿನಷ್ಟು ಅಂತರ. ಆಕ್ಸಿಲರೇಟರ್ ಅಷ್ಟು ದೂರ ಹೋಗುವವರೆಗೆ ಗೇರ್‌ಬಾಕ್ಸಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೊಸ ಕೇಬಲ್ ತಂದು ಹಾಕಿ, ಗುಬುಟಿಯ ನೇರಕ್ಕೆ ಕೂರಿಸಿ, ಪಕ್ಕದ ಮನೆಯವರ ಕೈಯಲ್ಲಿ ಪೆಡಲ್ ಒತ್ತಿಸಿ ನೋಡಿದೆ. ಮೇಲಿನ ಲಿವರೂ ಕೆಳಗಿನ ಲಿವರೂ ಒಂದೇ ಗಳಿಗೆಗೆ ಹೊರಟು ಒಂದೇ ಗಳಿಗೆಗೆ ಹಿಂತಿರುಗಿದವು.

ಮುಂದಿನ ಬ್ಯಾಂಡಿನ ಕೆಲಸವನ್ನೂ ಅದೇ ವಾರ ಮಾಡಿದೆ. ಎರಡನೇ ಗೇರಿನಲ್ಲಿ ಡ್ರಮ್ ಹಿಡಿಯುವುದು ಈ ಬ್ಯಾಂಡು. ಇದರ ಸ್ಕ್ರೂ ಕೇಸಿನ ಹೊರಗೇ, ಎಡಬದಿಯ ಲಿವರುಗಳ ಮೇಲೆ ಇದೆ. ಮಣಿಕಟ್ಟು ತಿರುಚಿಕೊಂಡು ಕೈ ತೂರಿಸಬೇಕು. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು 72 ಇಂಚು-ಪೌಂಡಿಗೆ ಬಿಗಿ ಮಾಡಿ, ಅಲ್ಲಿಂದ 1⅞ ಸುತ್ತು ಹಿಂದಕ್ಕೆ ಬಿಡಬೇಕು. ನಮ್ಮ ಅಜ್ಜಿಯ ಲೆಕ್ಕದಲ್ಲಿ ಎರಡಕ್ಕೆ ಅರೆಕಾಲು ಕಮ್ಮಿ. ಕಾಲು, ಅರೆಕಾಲು, ವೀಸ ಅಂತ ಅಜ್ಜಿ ಬಾಯಿಪಾಠ ಮಾಡಿಸಿದ್ದ ಮಗ್ಗಿ ಕೊಲೊರಾಡೊದ ಒಂದು ಗ್ಯಾರೇಜಿನಲ್ಲಿ ಕೈಗೆ ಬಂತು. ಬಿಳಿ ಬಣ್ಣದಲ್ಲಿ ಸ್ಕ್ರೂವಿನ ಒಂದು ಮೂಲೆಗೆ ಚುಕ್ಕೆ ಇಟ್ಟು, ಅರೆಕಾಲು ಅರೆಕಾಲಾಗಿ ಹದಿನೈದು ಎಣಿಸಿದೆ. ಆಮೇಲೆ ಸ್ಕ್ರೂ ಅಲುಗದಂತೆ ಹಿಡಿದುಕೊಂಡೇ ಲಾಕ್ ನಟ್ ಬಿಗಿದೆ. ಇಲ್ಲಿ ಅವಸರ ಮಾಡಿದರೆ ನಟ್ ಜೊತೆ ಸ್ಕ್ರೂವೂ ತಿರುಗಿ ಮಾಡಿದ್ದೆಲ್ಲ ವ್ಯರ್ಥ.

ಎಣ್ಣೆ ಬದಲಿಸಲು ಪ್ಯಾನ್ ಇಳಿಸಿದೆ. ಕಂಪನಿಯ ಪ್ಯಾನಿಗೆ ಎಣ್ಣೆ ಇಳಿಸುವ ಬಿರಡೆಯೇ ಇಲ್ಲ. ಹದಿನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಒಂದು ಮೂಲೆ ಬಗ್ಗಿಸಿ ಹರಿಸಬೇಕು. ನಾಲ್ಕು ಲೀಟರಿನಷ್ಟು ಬರುತ್ತದೆ, ಉಳಿದದ್ದೆಲ್ಲ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರಿನಲ್ಲೂ ಕೂಲರ್ ಕೊಳವೆಗಳಲ್ಲೂ ಉಳಿದುಕೊಳ್ಳುತ್ತದೆ. ಪ್ಯಾನಿನ ತಳದಲ್ಲಿ ಬೆರಳಾಡಿಸಿದೆ. ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇತ್ತು, ಅದು ಹಳೆಯ ಗಾಡಿಯಲ್ಲಿ ಸಹಜ. ಹೆದರಿಕೊಂಡು ಹುಡುಕಿದ್ದು ಕರಿ ಚೂರುಗಳನ್ನು, ಪ್ಲೇಟಿನಿಂದ ಎದ್ದ ಪದರಗಳನ್ನು. ಉಗುರಿನ ಕೊನೆಯಷ್ಟು ಸಿಕ್ಕಿತು, ಅಷ್ಟೇ. ಎಣ್ಣೆಯ ಬಣ್ಣ ಮತ್ತು ವಾಸನೆ ನೋಡಿ ತೀರ್ಪು ಕೊಡುವವರು ಬಹಳ ಮಂದಿ. ಈ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಪ್ಲಸ್ 4 ಎಣ್ಣೆಯ ಕೆಂಪು ಬಣ್ಣ ಕಾಯಂ ಅಲ್ಲ, ಕೆಲವೇ ದಿನದಲ್ಲಿ ಕಂದು ತಿರುಗುತ್ತದೆ, ವಾಸನೆಯೂ ಬೇಗ ಬದಲಾಗುತ್ತದೆ. ಅದನ್ನಷ್ಟೇ ನೋಡಿ ಗೇರ್‌ಬಾಕ್ಸ್ ಹೋಯಿತು ಅನ್ನಲಾಗದು. ಪ್ಯಾನಿನ ತಳ ಹೇಳುವುದೇ ನಂಬಿಕೆಯ ಮಾತು.

ಎಣ್ಣೆಯ ಮಟ್ಟ ನೋಡುವಾಗ ಇನ್ನೊಂದು ಎಚ್ಚರ ಬೇಕು. ಬಹಳಷ್ಟು ಗಾಡಿಗಳಲ್ಲಿ ಪಾರ್ಕ್‌ನಲ್ಲಿಟ್ಟು ನೋಡುವುದು ವಾಡಿಕೆ. ಇದರಲ್ಲಿ ಹಾಗಲ್ಲ. ಪಾರ್ಕ್‌ನಲ್ಲಿ ಕನ್ವರ್ಟರಿಗೆ ಎಣ್ಣೆ ಹರಿಯುವುದೇ ಇಲ್ಲ, ಹಾಗಾಗಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಗಾಡಿ ಬಿಸಿಯಾದ ಮೇಲೆ ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್‌ನಲ್ಲಿ ನೋಡಬೇಕು. ಚಳಿಗಾಲದ ಬೆಳಗ್ಗೆ ಗಾಡಿ ಬಿಸಿ ಮಾಡುವುದೂ ನ್ಯೂಟ್ರಲ್‌ನಲ್ಲೇ ಒಳ್ಳೆಯದು. ಪಾರ್ಕ್‌ನಲ್ಲಿ ಎಷ್ಟು ಹೊತ್ತು ಓಡಿಸಿದರೂ ಎಂಜಿನ್ ಕಾಯುತ್ತದೆ, ಗೇರ್‌ಬಾಕ್ಸ್ ತಣ್ಣಗೇ ಇರುತ್ತದೆ.

ಇನ್ನೊಂದು ಕಾಯಿಲೆ ಉಳಿದಿತ್ತು. ಗಂಟೆಗೆ 45 ಮೈಲಿ ಆಸುಪಾಸಿನಲ್ಲಿ, ಸಪಾಟು ರಸ್ತೆಯಲ್ಲೇ, ಗಾಡಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿತ್ತು. ಕನ್ವರ್ಟರಿನೊಳಗೆ ಒಂದು ಲಾಕಪ್ ಕ್ಲಚ್ ಇದೆ. ಅದು ಬಿದ್ದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ಸಂಬಂಧ. ಬೀಳದಿದ್ದರೆ ನಡುವೆ ಎಣ್ಣೆಯ ಸುಳಿ, ಆ ಸುಳಿಯಲ್ಲಿ ಕಳೆದ ಬಲವೆಲ್ಲ ಬಿಸಿಯಾಗುತ್ತದೆ. ಲಾಕಪ್ ಹಾಕುವ, ತೆಗೆಯುವ ತೀರ್ಮಾನ ಕಂಪ್ಯೂಟರಿನದ್ದು. ಅದು ನನ್ನ ಪೆಡಲ್ ಎಲ್ಲಿದೆ ಅಂತ ತಿಳಿಯುವುದು ಥ್ರಾಟಲ್ ಸೆನ್ಸರಿನ ವೋಲ್ಟೇಜ್ ನೋಡಿ. ಅಂಕಿ ತೋರಿಸುವ ಮೀಟರಿನಲ್ಲಿ ನೋಡಿದಾಗ ಎಲ್ಲ ಸರಿಯಿದ್ದಂತಿತ್ತು. ಪಕ್ಕದ ಮನೆಯವರು ಮುಳ್ಳಿನ ಹಳೆಯ ಮೀಟರ್ ತಂದರು. ಪೆಡಲನ್ನು ಬಹಳ ನಿಧಾನಕ್ಕೆ ಒತ್ತಿದಾಗ ಮುಳ್ಳು ನುಣ್ಣಗೆ ಏರುತ್ತಾ ಹೋಗಿ ಒಂದು ಜಾಗದಲ್ಲಿ ಪಟಕ್ಕನೆ ಕೆಳಗೆ ಬಿದ್ದು ಮೇಲೆದ್ದಿತು. ಸಪಾಟಿನಲ್ಲಿ 45 ಮೈಲಿಗೆ ಕಾಲು ಸದಾ ಇರುವ ಜಾಗ ಅದು. ವರ್ಷಗಟ್ಟಲೆ ಅಲ್ಲೇ ಉಜ್ಜಿ ಸವೆದಿತ್ತು. ಪೆಡಲ್ ಬಿಟ್ಟಂತೆ ಕಂಡು ಕಂಪ್ಯೂಟರ್ ಲಾಕಪ್ ತೆಗೆಯುತ್ತಿತ್ತು, ಮರುಕ್ಷಣ ಮತ್ತೆ ಹಾಕುತ್ತಿತ್ತು. ಸೆನ್ಸರ್ ಬದಲಿಸಿದೆ. ಎರಡು ಬ್ಯಾಟರಿಗಳ ಅರ್ತ್ ತಂತಿಗಳನ್ನು ಬಿಚ್ಚಿ ಹಸಿರು ಕಿಲುಬು ಉಜ್ಜಿ ತೆಗೆದೆ. ಆಲ್ಟರ್ನೇಟರಿನ ಡಯೋಡ್ ಕೆಟ್ಟರೂ ಇದೇ ಬಗೆಯ ತೊಂದರೆ ಬರುತ್ತದೆ, ನನ್ನದರಲ್ಲಿ ಅದು ಸರಿಯಿತ್ತು.

ಕೊನೆಗೆ ಫ್ಯೂಯೆಲ್ ಪ್ಲೇಟು. ಅದನ್ನು ಹಿಂದಕ್ಕೆ, ಕಂಪನಿ ಇಟ್ಟಿದ್ದ ಜಾಗಕ್ಕೇ ಸರಿಸಿದೆ. ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡವರಲ್ಲಿ ಇದನ್ನು ಒಪ್ಪುವವರು ಕಡಿಮೆ. ಗಟ್ಟಿ ಉಕ್ಕಿನ ಇನ್‌ಪುಟ್ ಶಾಫ್ಟ್, ಮೂರು ಪ್ಲೇಟಿನ ಕನ್ವರ್ಟರ್ ಹಾಕಿಸಿ ಬಲ ಹೆಚ್ಚಿಸುವುದು ಅವರ ದಾರಿ, ಬಹಳ ಭಾರ ಎಳೆಯುವವರಿಗೆ ಅದು ಬೇಕಾಗಿಯೂ ಇರುತ್ತದೆ. ನನ್ನ ಎರಡೂವರೆ ಟನ್ನಿಗೆ 180 ಅಶ್ವಶಕ್ತಿ ಸಾಕು. ಈ ಎಂಜಿನ್ನಿನ ಎಳೆತ ತುದಿ ಮುಟ್ಟುವುದು 1,600 ಆರ್‌ಪಿಎಂಗೇ. ಹಾಗೆಯೇ ಗೇರ್‌ಬಾಕ್ಸಿನ ಹಿಂಭಾಗದ ಓವರ್‌ಡ್ರೈವ್ ಬಿಚ್ಚುವ ಆಸೆಯನ್ನೂ ಇಟ್ಟುಕೊಳ್ಳಲಿಲ್ಲ. ಅದರೊಳಗೆ ಒಂದು ಸ್ಪ್ರಿಂಗ್ 800 ಪೌಂಡ್ ಬಲದಲ್ಲಿ ಅದುಮಿ ಕೂತಿದೆ, ಸುಮಾರು 360 ಕಿಲೋ. ಸರಿಯಾದ ಪ್ರೆಸ್ ಇಲ್ಲದೆ ಅದಕ್ಕೆ ಕೈ ಹಾಕುವಂತಿಲ್ಲ.

ಪ್ಯಾನಿನಲ್ಲಿ ಎಣ್ಣೆಯ ಬಿಸಿ ತೋರಿಸುವ ಗೇಜೊಂದನ್ನು ಹಾಕಿಕೊಂಡು ಜೂನ್ ತಿಂಗಳಲ್ಲಿ ಅದೇ ಟ್ರೇಲರ್ ಕಟ್ಟಿ ಮತ್ತೆ ಹೊರಟೆ. ಜಾರ್ಜ್‌ಟೌನ್ ದಾಟುತ್ತಲೇ ಓವರ್‌ಡ್ರೈವ್ ಗುಂಡಿ ಒತ್ತಿ ಆರಿಸಿದೆ. ಗಾಡಿ ಮೂರನೇ ಗೇರಿಗೆ ಬಂತು, ಒಂದು ಕ್ಷಣದಲ್ಲಿ ಲಾಕಪ್ ಬಿತ್ತು. ಮುಳ್ಳು 2,100ರಲ್ಲಿ ನಿಂತಿತು. ಲಾಕಪ್ ಬಿಡದಂತೆ ವೇಗವನ್ನು 45 ಮೈಲಿಗಿಂತ ಮೇಲೇ ಹಿಡಿದುಕೊಂಡೆ. ಎಣ್ಣೆಯ ಗೇಜ್ 170 ಡಿಗ್ರಿ ಫ್ಯಾರನ್‌ಹೀಟ್, 180, ಲವ್‌ಲ್ಯಾಂಡ್ ತಿರುವಿನ ಹತ್ತಿರ 190. ಅಲ್ಲಿಂದ ಮುಂದೆ ಹೋಗಲಿಲ್ಲ. ಸುರಂಗದ ಬಾಯಿಯಲ್ಲಿ ಕಿಟಕಿ ಇಳಿಸಿ ಮೂಸಿದೆ. ಹಿಮ ಕರಗಿದ ತಣ್ಣನೆ ಗಾಳಿ, ಮುಂದಿನ ಲಾರಿಯ ಡೀಸೆಲ್ ಹೊಗೆ, ಬೇರೇನಿಲ್ಲ.

ಸಂಜೆ ಪ್ಯಾಲಿಸೇಡ್‌ನಿಂದ ಫೋನ್ ಮಾಡಿದೆ. ಅಪ್ಪ ಎಲ್ಲ ಕೇಳಿಸಿಕೊಂಡರು. "ಹತ್ತಿದ್ದು ಸರಿ. ಇಳಿದಿದ್ದು ಹೆಂಗೆ?" ಅಂದರು.

ಅವರು ಕೇಳಿದ್ದೇ ಈಗ ನನ್ನ ಮುಂದಿರುವ ಕೆಲಸ. ಸುರಂಗದಾಚೆ ಸಿಲ್ವರ್‌ಥಾರ್ನ್ ಕಡೆಗೆ ಶೇ. 7ರ ಇಳಿಜಾರು. ಶಿರಾಡಿಯಲ್ಲಿ ಅಪ್ಪ ಹತ್ತಿದ ಗೇರಿನಲ್ಲೇ ಇಳಿಯುತ್ತಿದ್ದರು, ಬ್ರೇಕ್ ಮುಟ್ಟುತ್ತಿದ್ದುದು ಅಪರೂಪ. ನಾನು ಆ ದಿನ ಬ್ರೇಕ್ ಹಿಡಿದು ಹಿಡಿದು ಇಳಿದಿದ್ದೆ. ಎಕ್ಸಾಸ್ಟ್ ಬ್ರೇಕ್ ಹಾಕಿಸಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಆದರೆ ಇಳಿಯುವಾಗ ಕಾಲು ಆಕ್ಸಿಲರೇಟರ್ ಮೇಲಿರುವುದಿಲ್ಲ, ಆಗ ಆ ಕೇಬಲ್ ಸಡಿಲ, ಒತ್ತಡ ಅತಿ ಕಡಿಮೆ. ಅಂಥ ಹೊತ್ತಿನಲ್ಲಿ ಟ್ರೇಲರಿನ ಭಾರವೆಲ್ಲ ಚಕ್ರದ ಕಡೆಯಿಂದ ಪ್ಲೇಟುಗಳ ಮೇಲೆ ಬಂದರೆ ಅವು ಜಾರುತ್ತವೆ. ಹತ್ತುವಾಗ ಹೋಗಲಾಡಿಸಿದ ಹಾಫ್ ಕ್ಲಚ್ ಇಳಿಯುವಾಗ ಮತ್ತೆ ಬಂದು ಕೂರುತ್ತದೆ. ಇದಕ್ಕೆ ಎಣ್ಣೆಯ ದಾರಿಯನ್ನೂ ಒತ್ತಡವನ್ನೂ ಹಿಡಿತದಲ್ಲಿಡುವ ವಾಲ್ವ್ ಬಾಡಿಯನ್ನೇ ಇಳಿಸಿ, ಪೆಡಲ್ ಬಿಟ್ಟಾಗಲೂ ಒತ್ತಡ ಬೀಳದಂತೆ ಬದಲಿಸಬೇಕು, ಲಾಕಪ್ ಇಳಿಜಾರಿನಲ್ಲೂ ಹಿಡಿದಿರುವಂತೆ ಮಾಡಬೇಕು. ಬಿಚ್ಚುವಾಗ ಉಕ್ಕಿನ ಸಣ್ಣ ಗುಂಡುಗಳು ಉದುರುತ್ತವೆ, ಒಂದೊಂದಕ್ಕೂ ಅದರದೇ ಕುಳಿ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. "ಗುಂಡು ಎಷ್ಟಿದಾವೆ ಅಂತ ಬಿಚ್ಚೋಕೆ ಮುಂಚೆ ಬರ್ಕೋ" ಅಂದರು. "ಕೆಳಗೊಂದು ಬಿಳಿ ಬಟ್ಟೆ ಹಾಸು. ಆ ಕೆಲಸ ಆಗೋವರ್ಗೂ ಬ್ರೇಕ್ ಬಿಸಿ ಆಯ್ತು ಅನ್ನಿಸಿದ್ರೆ ಪಕ್ಕಕ್ಕೆ ಹಾಕಿ ನಿಲ್ಲಿಸು, ಅವಸರ ಬೇಡ."

ಕಳೆದ ವಾರ ಸಾಮಾನು ಬಂತು. ಗ್ಯಾರೇಜಿನ ಬೆಂಚಿನ ಮೇಲೆ ಹಳೆಯ ಬಿಳಿ ಪಂಚೆಯೊಂದನ್ನು ಹಾಸಿಟ್ಟಿದ್ದೇನೆ. ಶನಿವಾರ ಪ್ಯಾನ್ ಇಳಿಸಬೇಕು.